ಮರ ಬೆವರ್ತಾ ಐತೆ ಅಂದ್ರು ಅಜ್ಜಿ: ಹೂವಿನ ಮೇಲಿನ ಆ ಅಂಟು ಹನಿ ಯಾರದ್ದು?

ಕಳೆದ ವರ್ಷದ ಫೆಬ್ರವರಿ. ಬೆಳಿಗ್ಗೆ ಏಳು ಗಂಟೆ. ಬೆಂಗಳೂರಿನ ಟ್ರೈನ್ ಹಿಡಿಯೋ ಅವಸರದಲ್ಲಿ ಸ್ಕೂಟರ್ ಹತ್ತಿ ಕೂತೆ. ಹೆಲ್ಮೆಟ್ ಮರೆತೆ ಅಂತ ಎದ್ದರೆ ಪ್ಯಾಂಟು ಸೀಟಿಗೆ ಅಂಟಿಕೊಂಡಿದೆ! ಮುಟ್ಟಿ ನೋಡಿದೆ. ಜಾಮೂನಿನ ಪಾಕ ಚೆಲ್ಲಿದ ಹಾಗಿತ್ತು. ಹ್ಯಾಂಡಲ್, ಕನ್ನಡಿ, ಮೀಟರಿನ ಗಾಜು, ಎಲ್ಲದರ ಮೇಲೂ ಸಾಸಿವೆ ಕಾಳಿಗಿಂತ ಚಿಕ್ಕ ಹನಿಗಳು ಎಳೆ ಬಿಸಿಲಿಗೆ ಮಿಂಚ್ತಾ ಇದ್ದವು.

ತಲೆ ಎತ್ತಿ ನೋಡಿದೆ. ಮೇಲೆ ನಮ್ಮ ಮಾವಿನ ಮರ. ಎಲೆ ಕಾಣದಷ್ಟು ಹೂ.

ನಮ್ಮ ಮನೆ ಇರೋದು ಕ್ಯಾತ್ಸಂದ್ರದಲ್ಲಿ. ತಟ್ಟೆ ಇಡ್ಲಿ ಅಂದ್ರೆ ಎಲ್ಲರಿಗೂ ನೆನಪಾಗೋ ಊರು. ಆ ಮರ ತಾತ ನೆಟ್ಟಿದ್ದು. ಅಪ್ಪ ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಅಂತ ಅಜ್ಜಿ ಲೆಕ್ಕ ಹೇಳ್ತಾರೆ. ಸಿದ್ಧಗಂಗೆ ಜಾತ್ರೆ ಹೊತ್ತಿಗೆ ಹೂ, ಯುಗಾದಿಗೆ ಚಿತ್ರಾನ್ನಕ್ಕೆ ಕಾಯಿ, ಮೇ ತಿಂಗಳಲ್ಲಿ ಹಣ್ಣು. ಇದು ನಮ್ಮ ಮನೆಯ ಕ್ಯಾಲೆಂಡರ್.

ಅಜ್ಜಿ ಬಾಗಿಲಲ್ಲಿ ನಿಂತು ಹೇಳಿದರು, "ಮರ ಬೆವರ್ತಾ ಐತೆ ಕಣ್ ಮಗ. ಹೂ ಜಾಸ್ತಿ ಆದಾಗ ಅಂಗೇಯ."

ಪಕ್ಕದ ಮನೆಯ ಅಣ್ಣನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವರು ಟ್ಯಾಕ್ಸಿ ಓಡಿಸೋರು. ಕಾಂಪೌಂಡಿನ ಆಚೆ ನಮ್ಮ ಮರದ ಕೊಂಬೆ ಕೆಳಗೇ ಅವರ ಬಿಳಿ ಕಾರು ನಿಲ್ಲೋದು. "ನೋಡಪ್ಪಾ, ದಿನಾ ಬೆಳಿಗ್ಗೆ ಅರ್ಧ ಗಂಟೆ ಗಾಜು ಉಜ್ಜೋದೇ ಆಗಿದೆ. ಒಂದೋ ಆ ಕೊಂಬೆ ಕಡಿಸಿ, ಇಲ್ಲಾ ಏನಾದ್ರೂ ಔಷಧಿ ಹೊಡೆಸಿ" ಅಂದರು. ಕೇಳಿದ್ದು ನ್ಯಾಯವಾಗೇ ಇತ್ತು.

ಕೊಂಬೆ ಕಡಿಯೋಕೆ ಮನಸ್ಸು ಬರಲಿಲ್ಲ. ಔಷಧಿ ಅಂಗಡಿಗೆ ಹೋದೆ. "ಮಾವಿಗಾ? ಇದನ್ನ ಹೊಡೀರಿ" ಅಂತ ಒಂದು ಬಾಟಲಿ ಕೊಟ್ಟರು. ಹೂ ಬಿಟ್ಟಿದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮರದ ತುಂಬಾ ಗುಂಯ್ ಅನ್ನೋ ಸದ್ದು ಇರುವಾಗಲೇ, ಬಾಡಿಗೆ ಪಂಪ್ ತಂದು ಹೊಡೆದೆ. ಸೋಮವಾರ ಅಂಗಳ ಗುಡಿಸಿದ ಅಮ್ಮ ಮೊರದ ತುಂಬಾ ಸತ್ತ ನೊಣ, ಜೇನುಹುಳ ತೋರಿಸಿದರು. ಎರಡು ವಾರ ಬಿಟ್ಟು ಅಂಟು ಹನಿ ವಾಪಸ್ ಬಂತು. ಕಾಯಿ ಮಾತ್ರ ಬರಲಿಲ್ಲ.

ಯುಗಾದಿ ಹಿಂದಿನ ದಿನ ಅಜ್ಜಿ ಮಾರ್ಕೆಟ್ಟಿಂದ ದುಡ್ಡು ಕೊಟ್ಟು ಎರಡು ಮಾವಿನಕಾಯಿ ತರಿಸಿದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆ ಒಂದು ಸಿಂಪಡಣೆಯಿಂದಲೇ ಹೀಗಾಯ್ತು ಅಂತ ನಾನು ಹೇಳ್ತಾ ಇಲ್ಲ. ಹುಳದ ಕಾಟಕ್ಕೂ, ಬೂದಿ ರೋಗಕ್ಕೂ ಹೂ ಉದುರುತ್ತೆ. ಆದರೆ ಆ ಹನಿ ಯಾರದ್ದು ಅಂತ ನೋಡದೆಯೇ ಬಾಟಲಿ ಕೈಗೆತ್ತಿಕೊಂಡಿದ್ದು ನನ್ನ ತಪ್ಪು. ಆಮೇಲೆ ಓದಿ, ಕೇಳಿ, ಮರದ ಕೆಳಗೆ ನಿಂತು ತಿಳಿದುಕೊಂಡಿದ್ದನ್ನ ಇಲ್ಲಿ ಹೇಳ್ತೀನಿ. ಬಾಲ್ಕನಿಯಲ್ಲಿ ಎರಡು ದಾಸವಾಳದ ಕುಂಡ ಇಟ್ಟುಕೊಂಡಿರೋ ನಿಮಗೂ ಇದು ಬೇಕಾಗಬಹುದು.

ಮರ ಬೆವರಲ್ಲ

ಗುಬ್ಬಿ ಕಡೆ ನಮ್ಮ ದೊಡ್ಡಪ್ಪನಿಗೆ ಮಾವಿನ ತೋಟ ಇದೆ. ಫೋನ್ ಮಾಡಿ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಮರದ ಕೆಳಗೆ ಹೋದಾಗ ಟಿಕ್ ಟಿಕ್ ಅಂತ ಸದ್ದು ಬರ್ತದಾ?"

ಬರ್ತಾ ಇತ್ತು. ಒಣ ಎಲೆ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅದು ಹುಳ ಎಗರೋ ಸದ್ದು. ಹೆಸರು ಜಿಗಿಹುಳು. ಉದ್ದ ನಾಲ್ಕೈದು ಮಿಲಿಮೀಟರ್, ತಲೆ ಕಡೆ ಅಗಲ, ಬಾಲದ ಕಡೆ ಚೂಪು. ಬೂದು ಮಿಶ್ರಿತ ಕಂದು ಬಣ್ಣ. ಬೆರಳು ಹತ್ತಿರ ತಂದರೆ ಏಡಿ ಥರ ಅಡ್ಡಡ್ಡ ಓಡಿ ಆಚೆ ಬದಿಗೆ ಅವಿತುಕೊಳ್ಳುತ್ತೆ. ಹೂ ಇಲ್ಲದ ದಿನಗಳಲ್ಲಿ ತೊಗಟೆಯ ಬಿರುಕಿನಲ್ಲಿ ಕೂತಿರುತ್ತೆ. ಹೂಗೊಂಚಲು ಹೊರಟಿದ್ದೇ ತಡ, ಅದರ ಎಳೆ ದಂಟಿನೊಳಗೆ ಮೊಟ್ಟೆ ಇಡುತ್ತೆ. ಮರಿಗಳೂ ದೊಡ್ಡವೂ ಸೇರಿ ಅಲ್ಲೇ ರಸ ಹೀರುತ್ತವೆ.

ನಾವು 'ಮರದ ಬೆವರು' ಅಂದುಕೊಂಡಿದ್ದು ಈ ಹುಳದ ಮಲ! ಹೌದು, ಅದೇ ನನ್ನ ಪ್ಯಾಂಟಿಗೆ ಅಂಟಿದ್ದು.

ಅಸಹ್ಯ ಪಡಬೇಡಿ. ಅದು ಹೆಚ್ಚುಕಮ್ಮಿ ಸಕ್ಕರೆ ನೀರು. ಎಲೆ ಬಿಸಿಲಲ್ಲಿ ಸಕ್ಕರೆ ತಯಾರಿಸುತ್ತೆ. ಅದು ತೊಗಟೆಯ ಒಳಗಿನ ಸಣ್ಣ ನಾಳಗಳಲ್ಲಿ ಹರಿದು ಬೇರು, ಹೂ, ಕಾಯಿಗೆ ಹೋಗುತ್ತೆ. ಈ ನಾಳದೊಳಗಿನ ಒತ್ತಡ ಎಷ್ಟು ಗೊತ್ತಾ? ಹಲವು ಗಿಡಗಳಲ್ಲಿ ನಿಮ್ಮ ಕಾರಿನ ಟೈರಿನ ಗಾಳಿಗಿಂತ ಹಲವು ಪಟ್ಟು ಹೆಚ್ಚು. ಸಸ್ಯಹೇನು ತನ್ನ ಕೂದಲಿನಂಥ ಬಾಯಿಯನ್ನ ಈ ನಾಳಕ್ಕೆ ಚುಚ್ಚಿದರೆ ರಸ ತಾನಾಗೇ ಒಳಗೆ ನುಗ್ಗುತ್ತೆ. ವಿಜ್ಞಾನಿಗಳು ಇದನ್ನೇ ಒಂದು ಉಪಾಯ ಮಾಡಿಕೊಂಡಿದ್ದಾರೆ. ರಸ ಹೀರ್ತಾ ಇರೋ ಹೇನಿನ ಬಾಯಿಯ ಸೂಜಿಯನ್ನ ಮಾತ್ರ ಉಳಿಸಿ ಹುಳವನ್ನ ಕತ್ತರಿಸಿ ತೆಗೆದರೂ, ಆ ಸೂಜಿಯ ತುದಿಯಿಂದ ಗಿಡದ ರಸ ಒಸರ್ತಾನೇ ಇರುತ್ತೆ. ನಾಳದೊಳಗೆ ಏನಿದೆ ಅಂತ ಪರೀಕ್ಷೆ ಮಾಡೋಕೆ ಆ ಹನಿಯನ್ನೇ ಹಿಡಿದುಕೊಳ್ತಾರೆ.

ಅಷ್ಟು ಸಕ್ಕರೆ ಯಾಕೆ ಬಿಸಾಡುತ್ತೆ?

ಬರೀ ಅನ್ನ ತಿಂದು ಪ್ರೋಟೀನ್ ಹೊಂದಿಸಬೇಕು ಅಂದರೆ ಎಷ್ಟು ಅನ್ನ ತಿನ್ನಬೇಕು ಯೋಚಿಸಿ. ಈ ಹುಳಗಳ ಪಾಡೂ ಅದೇ. ಗಿಡದ ರಸದಲ್ಲಿ ಸಕ್ಕರೆ ಧಾರಾಳ, ಮೈ ಬೆಳೆಯೋಕೆ ಬೇಕಾದ ಅಮೈನೋ ಆಮ್ಲ ತೀರಾ ಕಮ್ಮಿ. ಆ ಚೂರಿಗಾಗಿ ಹುಳ ರಾಶಿ ರಾಶಿ ರಸ ಕುಡಿಯಬೇಕು. ಸಸ್ಯಹೇನಿನ ಹೊಟ್ಟೆಯಲ್ಲಂತೂ ಬುಕ್ನೆರಾ ಅನ್ನೋ ಬ್ಯಾಕ್ಟೀರಿಯಾ ಮನೆ ಮಾಡಿಕೊಂಡು, ರಸದಲ್ಲಿ ಸಿಗದ ಅಮೈನೋ ಆಮ್ಲಗಳನ್ನ ತಯಾರಿಸಿ ಕೊಡುತ್ತೆ. ಆದರೂ ಮಿಕ್ಕ ನೀರು, ಮಿಕ್ಕ ಸಕ್ಕರೆ ಹೊರಗೆ ಹೋಗಲೇಬೇಕಲ್ಲ? ಹಿಂದಿನಿಂದ ಹನಿ ಹನಿಯಾಗಿ ಹೋಗುತ್ತೆ.

ಜಿಗಿಹುಳು, ಸಸ್ಯಹೇನು, ಬಿಳಿ ನೊಣ, ಹಿಟ್ಟು ತಿಗಣೆ, ಎಲೆ ಮೇಲೆ ಚಿಪ್ಪಿನ ಥರ ಕೂರೋ ಶಲ್ಕ ಕೀಟ, ಇವೆಲ್ಲಾ ಒಂದೇ ಬಳಗ. ರಸ ಹೀರೋದು, ಸಿಹಿ ಹನಿ ಬಿಡೋದು. ಯುರೋಪಿನ ಕಾಡುಗಳಲ್ಲಿ ಜೇನುಹುಳಗಳು ಇದೇ ಹನಿಯನ್ನ ಎಲೆ ಮೇಲಿಂದ ಕೂಡಿಸಿ ಜೇನು ಮಾಡ್ತವೆ. ಅದಕ್ಕೆ ಅಲ್ಲಿ ಒಳ್ಳೆ ಬೆಲೆಯೂ ಇದೆ.

ಸಿಹಿ ಇದ್ದ ಕಡೆ ಇರುವೆ ಬರದೇ ಇರುತ್ತಾ? ಇರುವೆಗೂ ಹೇನಿಗೂ ಹಾಲಿನವರಿಗೂ ಹಸುವಿಗೂ ಇರೋ ನಂಟು. ಇರುವೆ ತನ್ನ ಮೀಸೆಯಿಂದ ಹೇನಿನ ಬೆನ್ನು ತಟ್ಟುತ್ತೆ, ಹೇನು ಹನಿ ಬಿಡುತ್ತೆ. ಬದಲಿಗೆ, ಹೇನು ತಿನ್ನೋಕೆ ಬರೋ ಗುಲಗಂಜಿ ಹುಳವನ್ನ ಇರುವೆ ಓಡಿಸುತ್ತೆ. ಆದ್ದರಿಂದ ದಾಸವಾಳದ ಮೊಗ್ಗಿಗೆ ಇರುವೆ ಸಾಲು ಹತ್ತುತ್ತಾ ಇದ್ದರೆ, ಇರುವೆಗೆ ಬೈಯೋ ಮೊದಲು ಮೊಗ್ಗಿನ ಬುಡ ನೋಡಿ.

ಹನಿ ಒಣಗಿದ ಮೇಲೆ ಮೂರನೇ ಅತಿಥಿ ಬರ್ತಾನೆ, ಕಪ್ಪು ಬೂಷ್ಟು. ಎಲೆಗೆ ಕಾಡಿಗೆ ಬಳಿದ ಹಾಗೆ ಕಾಣುತ್ತೆ. ನೋಡಿದ ತಕ್ಷಣ ಮರಕ್ಕೆ ಏನೋ ದೊಡ್ಡ ರೋಗ ಬಂದಿದೆ ಅನಿಸುತ್ತೆ. ಆದರೆ ಈ ಬೂಷ್ಟು ಎಲೆಯೊಳಗೆ ಇಳಿಯಲ್ಲ. ಮೇಲೆ ಬಿದ್ದ ಸಕ್ಕರೆ ತಿಂದು ಬದುಕುತ್ತೆ ಅಷ್ಟೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕೆಳಗೆ ಹಸಿರು ಎಲೆ ಹಾಗೇ ಇರುತ್ತೆ. ತೊಂದರೆ ಏನಂದರೆ, ಬಿಸಿಲು ಮರೆಯಾಗಿ ಎಲೆಗೆ ಅಡುಗೆ ಮಾಡೋಕೆ ಆಗಲ್ಲ.

ಗಿಡ ತಾನೇ ಬಿಡೋ ಹನಿಯೂ ಇದೆ

ಹಾಗಂತ ಅಂಟೆಲ್ಲಾ ಹುಳದ್ದೇ ಅಲ್ಲ. ನಮ್ಮ ಭಾಷೆಯಲ್ಲೇ ಇದಕ್ಕೆ ಎಷ್ಟು ಪದ ಇವೆ ನೋಡಿ. ಮಾವಿನಕಾಯಿ ತೊಟ್ಟು ಮುರಿದರೆ ಸೊನೆ, ಜಾಲಿಗೆ ಗೋಂದು, ಆಲಕ್ಕೆ ಹಾಲು, ಹಲಸಿಗೆ ಅಂಟು, ಅವರೆಗೆ ಸೊಗಡು. ಒಂದೊಂದೂ ಬೇರೆ ವಸ್ತು, ಅದಕ್ಕೇ ಬೇರೆ ಹೆಸರು.

ಅವರೆಕಾಯಿ ಸೊಗಡು ಯಾರಿಗೆ ಗೊತ್ತಿಲ್ಲ? ಚಳಿಗಾಲದ ಸಂಜೆ ಬಸ್ಸಿನಲ್ಲಿ ಯಾರೋ ಒಂದು ಚೀಲ ಅವರೆಕಾಯಿ ತಂದರೆ ಕಂಡಕ್ಟರಿಗೂ ಗೊತ್ತಾಗುತ್ತೆ. ಕಾಯಿ ಸಿಪ್ಪೆಯ ಮೇಲೆ ಗಿಡವೇ ಹೊರಹಾಕೋ ಎಣ್ಣೆಯಂಥ ಜಿಡ್ಡು ಅದು. ಅದರಲ್ಲಿರೋ ಕೊಬ್ಬಿನ ಆಮ್ಲಗಳಿಂದಲೇ ಆ ವಾಸನೆ. ಕಾಯಿ ಸುಲಿದ ಬೆರಳು ರಾತ್ರಿಯಾದರೂ ಘಮ ಬಿಡಲ್ಲ.

ಉತ್ತರ ಕರ್ನಾಟಕದ ಎರೆ ಹೊಲಕ್ಕೆ ಹೋದರೆ ಕಡಲೆ ಗಿಡದ ಹುಳಿ. ಗಿಡದ ಮೈತುಂಬಾ ಇರೋ ಸಣ್ಣ ರೋಮಗಳ ತುದಿಯಲ್ಲಿ ಹನಿ ನಿಂತಿರುತ್ತೆ. ಅದರಲ್ಲಿ ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ. ರಾತ್ರಿ ಗಿಡದ ಮೇಲೆ ತೆಳು ಬಟ್ಟೆ ಹಾಸಿ, ಬೆಳಗಿನ ಇಬ್ಬನಿ ಜೊತೆ ಆ ಹುಳಿಯನ್ನ ಹಿಂಡಿಕೊಳ್ಳೋ ಪದ್ಧತಿ ಹಿಂದಿನಿಂದ ಇದೆ. ಹೊಟ್ಟೆ ನೋವಿಗೆ ಔಷಧಿ ಅಂತ ಬಳಸ್ತಿದ್ದರು. ಗಿಡಕ್ಕೆ ಅದರಿಂದ ಲಾಭ ಏನು? ಕಾಯಿಕೊರಕ ಹುಳಕ್ಕೆ ಆಕ್ಸಾಲಿಕ್ ಆಮ್ಲ ಆಗಿಬರಲ್ಲ, ಅದರ ಮರಿ ಸರಿಯಾಗಿ ಬೆಳೆಯಲ್ಲ. ಆ ಹನಿ ಗಿಡದ ಬೇಲಿ.

ಇದೇ ಥರದ ಬೇಲಿ ತಂಬಾಕಿಗೂ ಇದೆ, ಟೊಮೆಟೊಗೂ ಇದೆ. ಟೊಮೆಟೊ ಗಿಡ ಮುಟ್ಟಿದ ಕೈ ಹಸಿರು ಹಳದಿ ಆಗುತ್ತಲ್ಲ, ಅದೇ. ಗಾಂಜಾ ಗಿಡದ ಹೆಣ್ಣು ಹೂವಿನ ಅಂಟೂ ಇಂಥ ಗ್ರಂಥಿ ರೋಮಗಳದ್ದೇ. ಅಮಲಿನ ವಸ್ತು ಇರೋದೂ ಹೆಚ್ಚಾಗಿ ಆ ರಾಳದಲ್ಲೇ. ಪರವಾನಗಿ ಇಲ್ಲದೆ ಆ ಗಿಡ ಬೆಳೆಯೋದು 1985ರ ಮಾದಕವಸ್ತು ಕಾಯ್ದೆ ಪ್ರಕಾರ ಅಪರಾಧ ಅನ್ನೋದು ಬೇರೆ ಮಾತು. ಆದರೆ ಆ ಹೂವಿನ ಮೇಲೂ ಕೆಲವು ಸಲ ಸಸ್ಯಹೇನು ಕೂತು ಸಕ್ಕರೆ ಹನಿ ಬಿಟ್ಟಿರುತ್ತೆ. ಒಂದೇ ಹೂವಿನ ಮೇಲೆ ಗಿಡದ ರಾಳವೂ ಇರುತ್ತೆ, ಹುಳದ ಸಕ್ಕರೆಯೂ ಇರುತ್ತೆ. ಕಣ್ಣಿಗೆ ಎರಡೂ ಮಿಂಚುತ್ತವೆ.

ಇನ್ನು ಕೆಲವು ಗಿಡ ಹೂವಿನ ಹೊರಗೇ ಮಕರಂದ ಇಟ್ಟು ಕಾವಲುಗಾರರನ್ನ ಕರೆಯುತ್ತವೆ. ಅಲಸಂದೆಯ ಹೂ ದಂಟು, ಹರಳು ಗಿಡದ ಎಲೆ ತೊಟ್ಟು, ಹತ್ತಿ ಎಲೆಯ ಕೆಳಗಿನ ನರ, ಇಲ್ಲೆಲ್ಲಾ ಸಣ್ಣ ಗ್ರಂಥಿಗಳಿವೆ. ಇರುವೆ ಅಲ್ಲಿಗೆ ಸಿಹಿ ಕುಡಿಯೋಕೆ ಬರುತ್ತೆ, ಬಂದಾಗ ಗಿಡ ತಿನ್ನೋ ಹುಳಗಳನ್ನೂ ಓಡಿಸುತ್ತೆ. ಇಂಥ ಹನಿ ನೋಡಿ ಔಷಧಿ ಹೊಡೆದರೆ, ಗಿಡ ತಾನೇ ಇಟ್ಟುಕೊಂಡ ವಾಚ್‌ಮನ್‌ನ ನೀವೇ ಕೆಲಸದಿಂದ ತೆಗೆದ ಹಾಗೆ.

ಬೆಳಗಿನ ಜಾವ ಕೆಸುವಿನ ಎಲೆ, ಹುಲ್ಲಿನ ತುದಿಯಲ್ಲಿ ನಿಲ್ಲೋ ಹನಿಗಂತೂ ಹೆದರಲೇಬೇಡಿ. ರಾತ್ರಿ ಬೇರು ತಳ್ಳಿದ ನೀರು ಎಲೆ ಅಂಚಿನ ರಂಧ್ರದಿಂದ ಹೊರಬಂದಿರುತ್ತೆ. ಅದು ಅಂಟಲ್ಲ. ಒಣಗಿದರೆ ಕೆಲವು ಸಲ ಬಿಳಿ ಚುಕ್ಕೆ ಉಳಿಯುತ್ತೆ, ಅದು ಉಪ್ಪು.

ಮೂರನೇ ಜಾತಿಯ ಹನಿ ಮಾತ್ರ ಅಪಾಯದ್ದು, ಬೂಷ್ಟಿನದ್ದು. ಸಜ್ಜೆ ತೆನೆ ಹೂ ಬಿಡುವಾಗ ನಸುಗೆಂಪು ಅಂಟು ಹನಿ ಒಸರಿದರೆ ಅದು ಅರ್ಗಟ್ ರೋಗ. ಕಾಳಿನ ಜಾಗದಲ್ಲಿ ಆಮೇಲೆ ಕಪ್ಪು ಗಂಟು ಬೆಳೆಯುತ್ತೆ. ಅದು ಹಿಟ್ಟಿನಲ್ಲಿ ಸೇರಿದರೆ ವಾಂತಿ, ತಲೆಸುತ್ತು. ಹೊಲದವರು ಕಾಳನ್ನ ಗಟ್ಟಿ ಉಪ್ಪು ನೀರಿಗೆ ಹಾಕ್ತಾರೆ. ರೋಗದ ಗಂಟು ತೇಲುತ್ತೆ, ಒಳ್ಳೆ ಕಾಳು ಮುಳುಗುತ್ತೆ.

ತೆಂಗಿನ ಕೆಳಗೂ ಅದೇ ಹನಿ, ಆದರೆ ಉತ್ತರ ಬೇರೆ

ತುಮಕೂರು ಅಂದ ಮೇಲೆ ತೆಂಗು ಬಿಟ್ಟು ಮಾತಾಡೋಕಾಗುತ್ತಾ? ತೋಟದ ಕೆಳಗಿನ ಗರಿಗಳು ಕಪ್ಪಾಗಿ, ಬುಡದ ಬಾಳೆ ಎಲೆ ಅಂಟಂಟಾಗಿ, ಗರಿಯ ಅಡಿ ಬಿಳಿ ಹತ್ತಿಯಂಥ ಸುರುಳಿ ಕಾಣಿಸಿದರೆ ಅದು ಸುರುಳಿ ಬಿಳಿ ನೊಣ. ಇದು ಮಧ್ಯ ಅಮೆರಿಕದ ಕಡೆಯ ಕೀಟ. ನಮ್ಮ ದೇಶದಲ್ಲಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಮೊದಲು ಕಾಣಿಸಿತು. ಅಲ್ಲಿಂದ ಕೇರಳ, ಕರ್ನಾಟಕಕ್ಕೂ ಹಬ್ಬಿತು.

ಕರಿಗಟ್ಟಿದ ಗರಿ ನೋಡಿದ ಯಾರಿಗಾದರೂ ಗಾಬರಿಯಾಗುತ್ತೆ. ಆದರೆ ತೆಂಗಿನ ಸಂಶೋಧಕರು ಹೇಳಿದ್ದು, ಸಿಕ್ಕ ಸಿಕ್ಕ ವಿಷ ಹೊಡೀಬೇಡಿ. ಕಾರಣ, ಈ ನೊಣದ ಮರಿಯೊಳಗೇ ಮೊಟ್ಟೆ ಇಟ್ಟು ಅದನ್ನ ಮುಗಿಸೋ ಎನ್ಕಾರ್ಸಿಯಾ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ತೋಟಗಳಲ್ಲಿ ಈಗಾಗಲೇ ಇದೆ. ವಿಷ ಹೊಡೆದರೆ ಮೊದಲು ಸಾಯೋದು ಅದು. ಬದಲಿಗೆ ಜೋರಾಗಿ ನೀರು ಹೊಡೆಯೋದು, ಹಳದಿ ಹಾಳೆಗೆ ಹರಳೆಣ್ಣೆ ಹಚ್ಚಿ ಕಟ್ಟೋದು. ಕಪ್ಪು ಬೂಷ್ಟಿಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳೋ ಮದ್ದು ಕೇಳಿ, ಶೇ. 1ರ ಗಂಜಿ! ಗಂಜಿ ಒಣಗಿ ಪದರ ಎದ್ದಾಗ ಬೂಷ್ಟೂ ಅದರ ಜೊತೆ ಕಿತ್ತು ಬರುತ್ತೆ. ಮುಂಗಾರಿನ ಒಳ್ಳೆ ಮಳೆಯೂ ಇದೇ ಕೆಲಸ ಮಾಡುತ್ತೆ.

ಮಾವಿಗೂ ತೆಂಗಿಗೂ ಹನಿ ಒಂದೇ ಥರ. ಆದರೆ ಬಿಟ್ಟ ಹುಳ ಬೇರೆ, ಅದರ ಶತ್ರು ಬೇರೆ, ಮಾಡಬೇಕಾದ್ದೂ ಬೇರೆ. ನನ್ನ ಬಾಟಲಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಬಾಟಲಿಗೆ ಮೊದಲು ಐದು ನಿಮಿಷ

ಹನಿ ಕಂಡರೆ ನೀವು ಮಾಡಬೇಕಾದ್ದು ಇಷ್ಟು.

ಒಂದು, ಎಲ್ಲಿ ಬಿದ್ದಿದೆ ನೋಡಿ. ಎಲೆಯ ಮೇಲ್ಭಾಗದಲ್ಲಿ ಚೆಲ್ಲಾಡಿದ ಹಾಗಿದ್ದರೆ ಮೇಲಿಂದ ಬಿದ್ದಿದೆ ಅಂತ ಅರ್ಥ. ಅದರ ಮೇಲಿನ ಎಲೆಯ ಅಡಿ ಭಾಗ ತಿರುಗಿಸಿ ನೋಡಿ, ಹುಳ ಅಲ್ಲಿರುತ್ತೆ. ಪ್ರತಿ ಎಲೆಯಲ್ಲೂ ಅದೇ ಜಾಗದಲ್ಲಿ ಒಂದೇ ಹನಿ ಇದ್ದರೆ ಅದು ಗಿಡದ ಗ್ರಂಥಿ.

ಎರಡು, ನೀರಲ್ಲಿ ತೊಳೆದು ನೋಡಿ. ಸಕ್ಕರೆ ಹನಿ ಬೆಚ್ಚನೆ ನೀರಿಗೆ ಕರಗುತ್ತೆ. ಸೊನೆ, ರಾಳ, ಹಲಸಿನ ಅಂಟು ಕರಗಲ್ಲ. ಹಲಸಿನ ಹಣ್ಣು ಬಿಡಿಸೋ ಮೊದಲು ಅಮ್ಮ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳೋದು ಇದಕ್ಕೇ. ನಾಲಿಗೆಯಲ್ಲಿ ಮಾತ್ರ ಪರೀಕ್ಷೆ ಮಾಡಬೇಡಿ, ಯಾರು ಏನು ಹೊಡೆದಿದ್ದಾರೋ ಗೊತ್ತಿರಲ್ಲ.

ಮೂರು, ಬಿಳಿ ಹಾಳೆ ಹಿಡಿದು ಹೂಗೊಂಚಲು ಮೆಲ್ಲಗೆ ತಟ್ಟಿ. ಬಿದ್ದ ಹುಳಗಳ ಫೋಟೊ ಮೊಬೈಲಲ್ಲಿ ಜೂಮ್ ಮಾಡಿ ತೆಗೀರಿ. ಕೇಳೋಕೆ ಹೋದಾಗ ಸಾವಿರ ಮಾತಿಗಿಂತ ಆ ಒಂದು ಫೋಟೊ ಉಪಯೋಗಕ್ಕೆ ಬರುತ್ತೆ.

ನಾಲ್ಕು, ಇರುವೆ ದಾರಿ ಹಿಡಿದು ಹೋಗಿ. ಅದು ಎಲ್ಲಿ ನಿಲ್ಲುತ್ತೋ ಅಲ್ಲಿ ಹನಿಯ ಮೂಲ.

ಐದು, ಗೊತ್ತಿರೋರನ್ನ ಕೇಳಿ. ನಮ್ಮ ಕಡೆಯವರಿಗೆ ಹೆದ್ದಾರಿ ಪಕ್ಕದ ಹಿರೇಹಳ್ಳಿಯಲ್ಲೇ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ ಇದೆ. ಗುಬ್ಬಿ ತಾಲ್ಲೂಕು ಚೇಳೂರಿನ 'ಸಿದ್ದು' ಹಲಸನ್ನ ಹೊರಜಗತ್ತಿಗೆ ಪರಿಚಯಿಸಿದ್ದು ಇದೇ ಕೇಂದ್ರ. ಅಲ್ಲೇ ಕೃಷಿ ವಿಜ್ಞಾನ ಕೇಂದ್ರವೂ ಇದೆ. ತಿಪಟೂರು ಕಡೆಯವರಿಗೆ ಕೊನೇಹಳ್ಳಿ. ಬೇರೆ ಊರಲ್ಲಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರ.

ಕುಂಡದ ಗಿಡದಲ್ಲಿ ನಾಲ್ಕು ಹೇನು ಕಂಡರೆ ಜೋರು ನೀರು ಬಿಟ್ಟು ತೊಳೆದರೆ ಸಾಕಾಗುತ್ತೆ. ಎರಡು ಮೂರು ದಿನಕ್ಕೊಮ್ಮೆ ಮತ್ತೆ ನೋಡಿ. ಕಾರಿನ ಮೇಲೆ ಬಿದ್ದರೆ ಒಣಗೋ ಮೊದಲೇ ಬೆಚ್ಚನೆ ನೀರಿನ ಬಟ್ಟೆಯಲ್ಲಿ ನೆನೆಸಿ ಒರೆಸಿ, ಕೆರೀಬೇಡಿ.

ಹೂ ಅರಳಿದಾಗ ಕೈ ಕಟ್ಟಿಕೊಳ್ಳಿ

ಮಾವಿನ ವಿಷಯದಲ್ಲಿ ಮುಖ್ಯವಾದ ಮಾತು ಇದೇ. ಒಂದು ಹೂಗೊಂಚಲಲ್ಲಿ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಹೂ. ಅದರಲ್ಲಿ ಬಹಳಷ್ಟು ಗಂಡು ಹೂಗಳು. ಕೊನೆಗೆ ಉಳಿಯೋದು ಒಂದೋ ಎರಡೋ ಕಾಯಿ. ಆ ಒಂದೆರಡು ಕಟ್ಟಬೇಕಾದರೂ ನೊಣ, ಜೇನು ಬಂದು ಹೋಗಬೇಕು. ಹೌದು, ನಾವು ಅಸಹ್ಯ ಪಡೋ ನೊಣವೂ ಮಾವಿಗೆ ಬೇಕಾದ ನೆಂಟನೇ.

ಹಾಗಾಗಿ ತೋಟಗಾರಿಕೆಯವರು ಹೇಳೋ ಕ್ರಮ ಹೀಗಿದೆ. ಜಿಗಿಹುಳು ಹೆಚ್ಚಿದ್ದರೆ ಹೂಗೊಂಚಲು ಹೊರಡೋ ಹೊತ್ತಿಗೆ, ಹೂ ಅರಳೋ ಮೊದಲು ಒಂದು ಸಿಂಪಡಣೆ. ಮತ್ತೂ ಬೇಕಾದರೆ ಕಾಯಿ ಕಟ್ಟಿದ ಮೇಲೆ. ನಡುವೆ, ಮರ ಪೂರ್ತಿ ಹೂವಾಗಿರೋ ದಿನಗಳಲ್ಲಿ, ಏನೂ ಹೊಡೆಯೋ ಹಾಗಿಲ್ಲ. ಕೊಯ್ಲಾದ ಮೇಲೆ ಒಳಗಿನ ಒತ್ತು ಕೊಂಬೆ ತೆಗೆದು ಗಾಳಿ ಬೆಳಕು ಆಡೋ ಹಾಗೆ ಮಾಡಿದರೆ ಜಿಗಿಹುಳುವಿಗೆ ಅರ್ಧ ಆಸರೆ ತಪ್ಪುತ್ತೆ. ಅದಕ್ಕೆ ನೆರಳು, ತಂಪು ಅಂದ್ರೆ ಇಷ್ಟ.

ನಾನು ಮಾಡಿದ್ದನ್ನ ಹೇಳಿದಾಗ ದೊಡ್ಡಪ್ಪ ಬೈಯಲಿಲ್ಲ, ನಕ್ಕರು. "ಹೂ ಬಿಟ್ಟ ಮರಕ್ಕೆ ಔಷಧಿ ಹೊಡೆಯೋದು ಅಂದ್ರೆ, ಮದುವೆ ಮನೇಲಿ ಎಲೆ ಮುಂದೆ ಕೂತೋರನ್ನ ಎಬ್ಬಿಸಿ ಕಳಿಸಿದಂಗೆ ಕಣೋ. ಆಮೇಲೆ ಮದುವೆಗೆ ಯಾರೂ ಬರಲಿಲ್ಲ ಅಂತ ಅಳಬಾರದು" ಅಂದರು.

ಈ ವರ್ಷ

ಜುಲೈನಲ್ಲಿ ಒಳಗಿನ ಕೊಂಬೆಗಳನ್ನ ತೆಗೆಸಿದೆ. ಪಕ್ಕದ ಮನೆ ಅಣ್ಣನೇ ಏಣಿ ಹಿಡಿದರು. ಕಾರಿನ ಮೇಲೆ ಚಾಚಿದ್ದ ಕೊಂಬೆಯಲ್ಲಿ ಒಂದು ಕವಲು ಹೋಯಿತು, ಒಂದು ಉಳಿಯಿತು. ಇಬ್ಬರೂ ಒಪ್ಪಿದ ಲೆಕ್ಕ ಅದು. ಜನವರಿಯಲ್ಲಿ ಗೊಂಚಲು ಹೊರಟಾಗ ಪ್ರತಿ ಭಾನುವಾರ ಬಿಳಿ ಹಾಳೆ ಹಿಡಿದು ತಟ್ಟಿ ನೋಡಿದೆ. ಹುಳ ಇತ್ತು. ಹೂ ಅರಳೋ ಮೊದಲು, ಒಂದು ಸಂಜೆ, ಬೇವಿನ ಎಣ್ಣೆಯನ್ನ ಡಬ್ಬಿ ಮೇಲೆ ಬರೆದಷ್ಟೇ ಅಳತೆಯಲ್ಲಿ ಸೋಪಿನ ನೀರಿಗೆ ಕದಡಿ ಒಂದು ಸಲ ಹೊಡೆದೆ. ಆಮೇಲೆ ಪಂಪು ಮುಟ್ಟಲಿಲ್ಲ. ಕಾಂಡಕ್ಕೆ ಗೋಣಿ ಪಟ್ಟಿ ಸುತ್ತಿ ಅದರ ಮೇಲೆ ಗ್ರೀಸ್ ಬಳಿದೆ, ಇರುವೆಗೆ ದಾರಿ ಬಂದ್.

ಹೂ ತುಂಬಿದ ಮೂರು ವಾರ ಅಣ್ಣನ ಕಾರಿಗೆ ನಮ್ಮ ಹಳೇ ಬೆಡ್‌ಶೀಟ್ ಹೊದಿಸಿದ್ದಾಯ್ತು. ನನ್ನ ಸ್ಕೂಟರ್ ಹಿತ್ತಲಿಗೆ ಹೋಯಿತು. ಅಂಟು ಪೂರ್ತಿ ನಿಂತಿತು ಅಂತ ಹೇಳಿದರೆ ಸುಳ್ಳಾಗುತ್ತೆ. ಬೆಡ್‌ಶೀಟಿನ ಮೇಲೆ ಹನಿ ಇದ್ದವು, ಹೋದ ವರ್ಷದಷ್ಟು ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಮರದ ಕೆಳಗೆ ನಿಂತರೆ ಗುಂಯ್ ಅನ್ನೋ ಸದ್ದು ಕೇಳ್ತಾ ಇತ್ತು. ಆ ಸದ್ದು ಕೇಳೋಕೆ ಅಂತಲೇ ಎರಡು ದಿನ ವರ್ಕ್ ಫ್ರಮ್ ಹೋಮ್ ತಗೊಂಡೆ.

ಯುಗಾದಿ ಹಿಂದಿನ ಸಂಜೆ ಅಜ್ಜಿ ಕೋಲು ಹಿಡಿದು ಅಂಗಳಕ್ಕೆ ಬಂದರು. "ಆ ಎರಡು ಕಾಯಿ ಕೀಳು. ಬೇಡ, ಅದಲ್ಲ, ಅದರ ಪಕ್ಕದ್ದು" ಅಂತ ತೋರಿಸಿ ತೋರಿಸಿ ಕೀಳಿಸಿದರು. ಎಂಟು ಕಾಯಿ ಆಯ್ತು. ನಾಲ್ಕು ನಮ್ಮ ಚಿತ್ರಾನ್ನಕ್ಕೆ, ನಾಲ್ಕು ಪಕ್ಕದ ಮನೆಗೆ.

ತೊಟ್ಟಿನ ಸೊನೆ ನನ್ನ ಕೈಗೆ ತಾಗಿತು. ಅಜ್ಜಿ ಸೆರಗಿಂದ ಒರೆಸೋಕೆ ಬಂದು, "ಇದೂ ಹುಳದ್ದೇನಾ?" ಅಂತ ಕೇಳಿದರು.

"ಇಲ್ಲಜ್ಜಿ, ಇದು ಮರದ್ದೇ" ಅಂದೆ.

ನಿಮ್ಮ ಮನೆ ಮುಂದೆಯೂ ಇಂಥ ಮರ, ಇಂಥ ಹನಿ, ಅದರಿಂದ ಶುರುವಾದ ಜಗಳ ಇದ್ದರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ. ಎಲೆ ತಿರುಗಿಸಿ ತೆಗೆದ ಫೋಟೊ ಜೊತೆಗಿರಲಿ.